ಹೆಸರಿಡುವ ಹಾಡು, ಹದಿನಾರು ಭಾಗಗಳಲ್ಲಿ

ನಮ್ಮ ಊರಿನಲ್ಲಿ ಹಾಡು ಮುಗಿಯದೆ ಯಾವ ಕೆಲಸವೂ ಮುಗಿಯುವುದಿಲ್ಲ. ಮದುವೆಯ ಹಾಡು ಮುಗಿಯುವವರೆಗೆ ಹೆಣ್ಣು ಗಂಡು ಹಸೆಯಿಂದ ಏಳುವ ಹಾಗಿಲ್ಲ. ಸಾವಿನ ಹಾಡು ಮುಗಿಯುವವರೆಗೆ ಹೆಣ ಎತ್ತುವ ಹಾಗಿಲ್ಲ. ತೊಟ್ಟಿಲ ಹಾಡು ಮುಗಿಯುವವರೆಗೆ ಕೂಸಿಗೆ ಹೆಸರಿಲ್ಲ. ಹಾಡು ಮುಗಿಯಿತು ಎಂದು ಹೇಳಬೇಕಾದವರು ಹಾಡುವವರಲ್ಲ, ಕೇಳುವವರು. ಕೂತವರೆಲ್ಲ ಸೇರಿ ಒಂದು ಚಪ್ಪಾಳೆ ತಟ್ಟಬೇಕು, ಒಂದೇ ಒಂದು. ಅದು ಒಂದೇ ಸದ್ದಾಗಿ ಬಂದರೆ ಹಾಡು ಮುಗಿದ ಹಾಗೆ. ಅಲ್ಲೊಂದು ಇಲ್ಲೊಂದು ಚದುರಿ ಬಂದರೆ ಹಾಡನ್ನು ಮೊದಲಿನಿಂದ ಶುರು ಮಾಡಬೇಕು. ಈ ಕಟ್ಟಳೆ ಯಾರು ಮಾಡಿದರೋ ನನಗೆ ಗೊತ್ತಿಲ್ಲ. ಅವರ ಕಾಲದಲ್ಲಿ ಹಾಡುಗಳು ಚಿಕ್ಕವಾಗಿದ್ದವು ಎಂಬುದು ಮಾತ್ರ ಗೊತ್ತು.

ಇನ್ನೊಂದು ಕಟ್ಟಳೆಯೂ ಇದೆ. ಕೂಸಿನ ಮೊದಲ ಹಾಲುಹಲ್ಲು ಬೀಳುವುದರೊಳಗೆ ಹೆಸರಿಡಬೇಕು. ಬಿದ್ದ ಮೇಲೆ ಇಟ್ಟ ಹೆಸರು ಹತ್ತುವುದಿಲ್ಲ, ಎಣ್ಣೆ ಮೆತ್ತಿದ ಗೋಡೆಗೆ ಸುಣ್ಣ ಹತ್ತದ ಹಾಗೆ. ಇದನ್ನು ಯಾರೂ ಪರೀಕ್ಷೆ ಮಾಡಿ ನೋಡಿರಲಿಲ್ಲ. ಯಾಕೆ ನೋಡಬೇಕು? ತೊಟ್ಟಿಲ ಹಾಡು ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ಮುಗಿಯುತ್ತಿತ್ತು.

ಆಗ ನಮ್ಮಲ್ಲಿ ಚಪ್ಪಾಳೆ ಅಜ್ಜಿ ಎಂದು ಒಬ್ಬಳಿದ್ದಳು. ಹಾಡಿನ ಕೊನೆಯ ಸಾಲು ಬಂದಾಗ ಅವಳು ಮುಂದೆ ಕೂತು ಕೈ ಎತ್ತುತ್ತಿದ್ದಳು. ಅವಳ ಕೈ ಇಳಿದಾಗ ನಮ್ಮೆಲ್ಲರ ಕೈ ಸೇರುತ್ತಿದ್ದವು. ಹಾಡು ಮುಗಿಯುತ್ತಿತ್ತು, ನಾವು ಊಟಕ್ಕೆ ಏಳುತ್ತಿದ್ದೆವು. ಇದರಲ್ಲಿ ಬುದ್ಧಿವಂತಿಕೆ ಏನೂ ಇರಲಿಲ್ಲ. ಕಿವಿಯಿದ್ದರೆ ಸಾಕಿತ್ತು.

ಆ ಐದು ಜನ ಮೊದಲು ಬಂದದ್ದು ಹಗ್ಗ ಹೊಸೆಯುವವಳ ಕೊಟ್ಟಿಗೆಗೆ. ನುಡಿಸಲು ಜಾಗ ಬೇಕು ಎಂದು ಕೇಳಿದರು. ಅವಳು ನಾರಿನ ಕಟ್ಟುಗಳನ್ನು ಒಂದು ಮೂಲೆಗೆ ತಳ್ಳಿ ಜಾಗ ಮಾಡಿಕೊಟ್ಟಳು. ಒಬ್ಬ ಗಿಟಾರಿನವನು. ಒಬ್ಬ ದಪ್ಪ ತಂತಿಯವನು, ಅವನದೂ ಗಿಟಾರೇ, ಆದರೆ ತಗ್ಗು ದನಿಯದು. ಒಬ್ಬ ಡ್ರಮ್ಮಿನವನು, ಒಬ್ಬ ಕೀಬೋರ್ಡಿನವನು, ಒಬ್ಬ ಹಾಡುವವನು. ಒಳ್ಳೆಯ ಹುಡುಗರೇ. ಅವರ ಮೊದಲ ಹಾಡು ಹೊಳೆಯಲ್ಲಿ ಚಪ್ಪಲಿ ಕಳಕೊಂಡ ಹುಡುಗಿಯ ಮೇಲಿನದು. ಮೂರು ನುಡಿ, ನಾಲ್ಕು ಎಣಿಕೆಯ ತಾಳ, ಕೊನೆಗೆ ಚಪ್ಪಲಿ ಸಿಗುತ್ತಿತ್ತು. ಅಜ್ಜಿ ಕೈ ಇಳಿಸಿದಳು, ನಾವು ತಟ್ಟಿದೆವು. ಆ ಹಾಡು ಈಗಲೂ ಬಚ್ಚಲಿನಲ್ಲಿ ನೀರು ಹುಯ್ದುಕೊಳ್ಳುವಾಗ ನನ್ನ ಬಾಯಿಗೆ ಬರುತ್ತದೆ. ಆ ಐವರಿಗೆ ಅದನ್ನು ನೆನಪಿಸಿದರೆ ಮಾತ್ರ ಮುಖ ಸಿಂಡರಿಸುತ್ತಿದ್ದರು, ಯಾರೋ ಅವರ ಚಿಕ್ಕಂದಿನ ಚಡ್ಡಿಯನ್ನು ಬೀದಿಯಲ್ಲಿ ಒಣಹಾಕಿದ ಹಾಗೆ.

ಮೂರು ನುಡಿಯ ಹಾಡಿನಲ್ಲಿ ತಮ್ಮ ಬೆರಳುಗಳಿಗೆ ಜಾಗ ಸಾಲದು ಎಂದು ಅವರಿಗೆ ಅನಿಸತೊಡಗಿತು. ಕೀಬೋರ್ಡಿನವನು ಒಂದರ ಮೇಲೊಂದು ಏಳು ಕೀಬೋರ್ಡು ಪೇರಿಸಿದ. ಮೇಲಿನದನ್ನು ಮುಟ್ಟಲು ಏಣಿ ಹತ್ತುತ್ತಿದ್ದ. ಏಣಿ ಹತ್ತುವಾಗ ಕಾಣಲಿ ಎಂದು ಕನ್ನಡಿ ಚೂರು ಹೊಲಿದ ನಿಲುವಂಗಿ ತೊಟ್ಟ. ಡ್ರಮ್ಮಿನವನು ಸುತ್ತ ಎಷ್ಟು ಡ್ರಮ್ಮು ಇಟ್ಟುಕೊಂಡನೆಂದರೆ ಅವನ ಮುಖ ಕಾಣುವುದೇ ನಿಂತುಹೋಯಿತು. ಒಳಗೆ ಹೋದ ಊಟದ ತಟ್ಟೆ ಖಾಲಿಯಾಗಿ ಹೊರಗೆ ಬಂದರೆ ಇದ್ದಾನೆ ಎಂದು ತಿಳಿಯಬೇಕು. ಹಾಡುವವನು ಹುಡುಗಿ, ಹೊಳೆ, ಚಪ್ಪಲಿ ಎಲ್ಲ ಬಿಟ್ಟ. ಕುರುಡು ಗಡಿಯಾರ, ಸಮುದ್ರದಡಿಯ ಅರಸರು, ಚಂದ್ರನ ಮುತ್ತಜ್ಜ ಇವರ ಮೇಲೆ ಹಾಡಿದ. ಗಡಿಯಾರದ ಭಾಗ ಬಂದಾಗ ಗಡಿಯಾರದ ವೇಷ, ಸಮುದ್ರದ ಭಾಗ ಬಂದಾಗ ಮೀನಿನ ವೇಷ.

ತಾಳದ ಕಥೆ ಬೇರೆ. ಏಳರ ಎಣಿಕೆ ನಮಗೂ ಗೊತ್ತಿತ್ತು, ನಮ್ಮ ಹೆಂಗಸರು ಭತ್ತ ಕುಟ್ಟುವುದೇ ಏಳರಲ್ಲಿ. ಇವರು ಏಳರ ಮೇಲೆ ಕಾಲು ಸೇರಿಸಿದರು. ಆಮೇಲೆ ಹನ್ನೊಂದು, ಆಮೇಲೆ ಹದಿಮೂರು. ಎರಡು ಸುತ್ತು ಹದಿಮೂರು ಆದ ಮೇಲೆ, ಯಾರಾದರೂ ಹಿಡಿದುಬಿಟ್ಟಾರು ಎಂಬ ಭಯಕ್ಕೋ ಏನೋ, ಒಂದು ಸುತ್ತು ಹತ್ತು. ನಾವು ಬೆರಳು ಮಡಚುತ್ತಾ ಕೂತಿರುತ್ತಿದ್ದೆವು. ಬೆರಳು ಮುಗಿಯುತ್ತಿದ್ದವು, ಸುತ್ತು ಮುಗಿಯುತ್ತಿರಲಿಲ್ಲ.

ಇದಕ್ಕೆ ಅವರು ಮುಂದುವರಿದ ಸಂಗೀತ ಎಂದು ಹೆಸರಿಟ್ಟರು. ಹಾಡಿಗೆ ಹೆಸರಿಡುವುದಕ್ಕೆ ಯಾವ ಕಟ್ಟಳೆಯ ಅಡ್ಡಿಯೂ ಇರಲಿಲ್ಲ.

ಚಪ್ಪಾಳೆ ಅಜ್ಜಿ ಒಂದು ದಿನ ಎಲ್ಲರೆದುರು ಎದ್ದು, ತನಗೆ ಇದರ ತಲೆ ಬಾಲ ತಿಳಿಯುತ್ತಿಲ್ಲ ಎಂದುಬಿಟ್ಟಳು. ನಮಗೂ ತಿಳಿಯುತ್ತಿರಲಿಲ್ಲ. ಆದರೆ ಅವಳು ಹೇಳಿದ ಮೇಲೆ ನಾವು ಅವಳನ್ನು ಪಾಪ ಎನ್ನುವಂತೆ ನೋಡಿದೆವು. ಅವಳನ್ನು ಹಿಂದಿನ ಸಾಲಿಗೆ ಕಳಿಸಿ, ಅವಳ ಜಾಗದಲ್ಲಿ ತಿಳಿದವನು ಎನಿಸಿಕೊಂಡ ಒಬ್ಬನನ್ನು ಕೂರಿಸಿದೆವು. ಈ ತಿಳಿದವನು ಮೊದಲು ಏನು ಕೆಲಸ ಮಾಡುತ್ತಿದ್ದ ಎಂಬುದು ಯಾರಿಗೂ ನೆನಪಿಲ್ಲ. ತೊಡೆಯ ಮೇಲೆ ಒಂದು ಕಾಗದ ಇಟ್ಟುಕೊಂಡು, ಕಣ್ಣು ಮುಚ್ಚಿ, ನಾವು ಯಾರೂ ತಲೆದೂಗದ ಕಡೆ ತಲೆದೂಗುತ್ತಿದ್ದ. ಯಾರಾದರೂ ಆಕಳಿಸಿದರೆ ಕೋಣನ ಮುಂದೆ ಕಿನ್ನರಿ ಎಂದು ಗೊಣಗುತ್ತಿದ್ದ. ಕೋಣ ಎನಿಸಿಕೊಳ್ಳಲು ಯಾರಿಗೆ ಇಷ್ಟ? ನಾವೂ ಕಣ್ಣು ಮುಚ್ಚುವುದನ್ನು ಕಲಿತೆವು.

ಹಗ್ಗ ಹೊಸೆಯುವವಳಿಗೆ ಹೆಣ್ಣು ಕೂಸು ಹುಟ್ಟಿದ್ದು ಆಗಲೇ.

ಐವರೂ ತಾವಾಗಿಯೇ ಅವಳ ಮನೆಗೆ ಬಂದರು. ಕೊಟ್ಟಿಗೆ ಕೊಟ್ಟವಳ ಋಣ ತೀರಿಸಬೇಕು, ನಿನ್ನ ಮಗಳಿಗಾಗಿಯೇ ಹೊಸ ತೊಟ್ಟಿಲ ಹಾಡು ಕಟ್ಟಿದ್ದೇವೆ ಎಂದರು. ಪಾಪದವಳು, ಹಿಗ್ಗಿ ಹೀರೇಕಾಯಿಯಾದಳು. ಎಲ್ಲರಿಗೂ ಬೆಲ್ಲ ಹಂಚಿದಳು, ನಾನೂ ತಿಂದೆ. ಚಾವಡಿಯಲ್ಲಿ ತೊಟ್ಟಿಲು ಕಟ್ಟಿದರು. ಗೋಡೆಗೆ ಹಲಗೆ ತೂಗುಹಾಕಿದರು. ಹೆಸರಿಡುವ ಹಾಡು, ಹದಿನಾರು ಭಾಗಗಳಲ್ಲಿ ಎಂದು ಅದರ ಮೇಲೆ ಬರೆದಿತ್ತು. ಮಗಳ ಹೆಸರು ಏನೆಂಬುದನ್ನು ತಾಯಿ ಮನಸ್ಸಿನಲ್ಲೇ ಇಟ್ಟುಕೊಂಡಿದ್ದಳು. ಹಾಡು ಮುಗಿಯುವ ಮೊದಲು ಅದನ್ನು ಬಾಯಿ ಬಿಟ್ಟು ಹೇಳುವ ಹಾಗಿಲ್ಲ, ಕೂಸಿನ ಕಿವಿಯಲ್ಲಿ ಕೂಡ.

ಹಾಡು ಶುರುವಾಯಿತು. ಮೊದಲ ಭಾಗ ಗಾಳಿಯ ಸದ್ದು, ಎಂಟು ದಿನ. ಎರಡನೆಯದರಲ್ಲಿ ಗಿಟಾರಿನವನು ಏನನ್ನೋ ಹುಡುಕಿದ. ಮೂರನೆಯದರಲ್ಲಿ ಎಲ್ಲರೂ ಒಟ್ಟಿಗೆ ಏರಿ, ಏರಿ, ಸೂರು ಹಾರಿಹೋಗುವಷ್ಟು ಏರಿ, ಥಟ್ಟನೆ ನಿಲ್ಲಿಸಿದರು. ಇನ್ನೇನು, ಮುಗಿಯಿತು ಎಂದುಕೊಂಡೆವು. ಕೆಲವರು ತಟ್ಟಿದರು, ಅವರನ್ನು ನೋಡಿ ಕೆಲವರು ತಟ್ಟಿದರು, ನಾನು ಎಲ್ಲರಿಗಿಂತ ಕೊನೆಗೆ ತಟ್ಟಿದೆ. ಐವರೂ ನಮ್ಮನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಅದು ಮುಕ್ತಾಯವಲ್ಲ, ಮೌನ, ಮೌನವೂ ಹಾಡೇ ಎಂದು ಹಾಡುವವನು ಮೀನಿನ ತಲೆ ತೆಗೆದು ವಿವರಿಸಿದ. ಚಪ್ಪಾಳೆ ಚದುರಿತ್ತಲ್ಲ, ಮತ್ತೆ ಗಾಳಿಯ ಸದ್ದಿನಿಂದ ಶುರುವಾಯಿತು.

ಹೀಗೆ ಆರು ವರ್ಷ.

ಮನೆಗೊಬ್ಬರಂತೆ ಸರದಿಯ ಮೇಲೆ ಚಾವಡಿಯಲ್ಲಿ ಕೂತೆವು. ಒಂದು ಸಲ ನಾಲ್ಕನೆಯ ಭಾಗದ ಮೌನಕ್ಕೆ ಮೋಸ ಹೋದೆವು, ಒಂದು ಸಲ ಒಂಬತ್ತನೆಯದರ ಮೌನಕ್ಕೆ. ಹನ್ನೊಂದರಾಚೆ ಊರು ಯಾವತ್ತೂ ಹೋಗಲಿಲ್ಲ. ಪ್ರತಿ ಸಲ ಶುರು ಮಾಡುವಾಗಲೂ ಅವರು ಹಾಡನ್ನು ಇನ್ನಷ್ಟು ಹಿಗ್ಗಿಸುತ್ತಿದ್ದರು. ಮೂರನೆಯ ವರ್ಷ ದಪ್ಪ ತಂತಿಯವನು ಬಿಟ್ಟುಹೋದ. ಇನ್ನೂ ಉದ್ದ ಕೂದಲಿನ ಇನ್ನೊಬ್ಬ ಬಂದು ಕೂತ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ ಆ ಐವರೂ ಐದು ಕಡೆ ಎಳೆಯುತ್ತಿದ್ದರು, ತಿಳಿದವನು ಅದನ್ನೇ ಸಂವಾದ ಎಂದು ಹೊಗಳುತ್ತಿದ್ದ. ಹೊಳೆಯಾಚೆ ಮೂವರು ಅಗಸಗಿತ್ತಿಯರು ಮೂರೇ ಸ್ವರದಲ್ಲಿ ಹಾಡು ಕಟ್ಟಿ, ಚಹಾ ಆರುವುದರೊಳಗೆ ಮುಗಿಸಿ, ಕೂಸುಗಳಿಗೆ ಹೆಸರಿಡುತ್ತಿದ್ದಾರಂತೆ ಎಂಬ ಸುದ್ದಿ ಬಂತು. ಆದರೆ ಒಂದು ತೊಟ್ಟಿಲಿಗೆ ಒಂದೇ ಹಾಡು. ಶುರುವಾದದ್ದು ಇದು, ಮುಗಿಯಬೇಕಾದದ್ದೂ ಇದೇ.

ಹುಡುಗಿ ತೊಟ್ಟಿಲು ಬಿಟ್ಟು ಕೆಳಗಿಳಿದಳು. ನಡೆದಳು, ಓಡಿದಳು. ಅವಳನ್ನು ಯಾರೂ ಆಟಕ್ಕೆ ಕರೆಯಲಿಲ್ಲ. ಮಕ್ಕಳು ಕೆಟ್ಟವರೆಂದಲ್ಲ, ಏನೆಂದು ಕರೆಯುವುದು? ಒಂದು ದಿನ ಅವಳು ಬಾವಿಕಟ್ಟೆಯ ಮೇಲೆ ಬಗ್ಗಿ ನೀರು ನೋಡುತ್ತಿದ್ದಳು. ಕೂಗಲು ಹೆಸರಿಲ್ಲದೆ ತಾಯಿ ಕೆಲಸ ಬಿಟ್ಟು ಓಡಿಬಂದು ಹಿಂದಿನಿಂದ ಬಾಚಿಕೊಂಡಳು. ಆ ಹೊತ್ತಿನಲ್ಲಿ ಹೆಸರು ನಾಲಿಗೆಯ ತುದಿಗೆ ಬಂದಿತ್ತಂತೆ, ನುಂಗಿಕೊಂಡಳಂತೆ. ಆಮೇಲೆ ಹಗ್ಗದ ಪ್ರತಿ ಎಳೆಗೂ ಒಮ್ಮೆ ಆ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು. ನಮ್ಮ ಊರಿನ ಬಾವಿಗಳಲ್ಲೆಲ್ಲ ಆ ಹಗ್ಗವೇ ಇಳಿಯುತ್ತಿತ್ತು.

ಏಳನೆಯ ವರ್ಷ ಹುಡುಗಿಯ ಮುಂದಿನ ಹಲ್ಲು ಅಲುಗಾಡಿತು.

ಆ ದಿನ ತಾಯಿ ಚಾವಡಿಯ ಹಿಂಬದಿಗೆ ಹೋದಳು. ಡ್ರಮ್ಮಿನವನು ಒಬ್ಬನೇ ಬಾರಿಸುವ ಭಾಗ ನಡೆಯುತ್ತಿತ್ತು. ಆ ಭಾಗ ಇದ್ದದ್ದೇ ಉಳಿದ ನಾಲ್ವರು ಊಟ ಮಾಡಲಿ ಎಂದು. ಅವರು ಅನ್ನ ಸಾರು ಕಲಸುತ್ತಿದ್ದರು.

"ಅಣ್ಣಂದಿರಾ, ನಾನು ತಿಳಿದವಳಲ್ಲ," ಎಂದಳು. "ಮಗೂನ ಹಲ್ಲು ಅಲ್ಲಾಡ್ತಿದೆ. ಒಂದೇ ಒಂದು ಹೇಳಿ. ಇದು ಎಲ್ಲಿ ಮುಗಿಯುತ್ತೆ?"

ಗಿಟಾರಿನವನು ಕೀಬೋರ್ಡಿನವನ ಮುಖ ನೋಡಿದ. "ಮುಕ್ತಾಯ ನಿನ್ನ ಹತ್ರ ತಾನೆ ಇರೋದು?"

"ನನ್ನ ಹತ್ರ ಎಲ್ಲಿದೆ? ನಿನ್ನ ಭಾಗದಲ್ಲಿ ಬರುತ್ತೆ ಅಂದ್ಕೊಂಡಿದ್ದೆ."

ಹೊಸ ದಪ್ಪ ತಂತಿಯವನು, ತಾನು ಬಂದಾಗಿನಿಂದ ಮಧ್ಯದಲ್ಲೇ ಇದ್ದೇನೆ, ತನ್ನನ್ನು ಕೇಳಬೇಡಿ ಎಂದ. ಹಾಡುವವನು ಕೈಯನ್ನು ಮೀನಿನ ಬಾಲಕ್ಕೆ ಒರೆಸಿಕೊಂಡು, ಹದಿನಾರು ಎಂಬುದು ಒಂದು ಭಾವನೆ, ಕಟ್ಟಿರುವುದು ಹನ್ನೊಂದೇ, ಬಿಟ್ಟುಹೋದ ಹಳಬ ಕೊನೆಯನ್ನು ಬಲ್ಲನೋ ಏನೋ ಎಂದ. ಅಷ್ಟರಲ್ಲಿ ಡ್ರಮ್ಮಿನವನ ಏಟು ಸಣ್ಣಗಾಯಿತು. ನಾಲ್ವರೂ ಕೈ ತೊಳೆದು ಎದ್ದರು.

ಹಳಬ ಪೇಟೆಯ ತುದಿಯಲ್ಲಿ ಕೊಡೆ ರಿಪೇರಿ ಮಾಡಿಕೊಂಡಿದ್ದ. ತಾಯಿ ಹೋದಾಗ ಮುರಿದ ಕೊಡೆಯೊಂದಕ್ಕೆ ಕಡ್ಡಿ ಕಟ್ಟುತ್ತಿದ್ದ. ಅವಳ ಮಾತು ಕೇಳಿ ಕಡ್ಡಿ ಕೆಳಗಿಟ್ಟ.

"ಮುಕ್ತಾಯ ಕಟ್ಟೋಣ ಅಂತ ನಾನೇ ಕೇಳ್ದೆ, ತಾಯಿ. ಹಾಡು ಮುಗಿದ್ರೆ ಆಮೇಲೆ ನಾವು ಯಾರು ಅಂತ ಕೇಳಿದ್ರು. ಎದ್ದು ಬಂದೆ."

"ಹಂಗಾದ್ರೆ ನನ್ನ ಮಗಳ ಗತಿ?"

"ಕಟ್ಟಳೆ ಏನು ಹೇಳುತ್ತೆ? ಎಲ್ಲರ ಚಪ್ಪಾಳೆ ಒಂದಾಗಿ ಬಂದ್ರೆ ಹಾಡು ಮುಗೀತು ಅಂತ. ಎಲ್ಲಿ ಬರಬೇಕು ಅಂತ ಎಲ್ಲಿ ಹೇಳಿದೆ? ನೀವು ತಟ್ಟಿದ ಕಡೆಯೇ ಅದರ ಕೊನೆ. ಊರೋರು ಹೆದರ್ಕೊಂಡು ಒಬ್ಬರನ್ನೊಬ್ಬರು ನೋಡ್ಕೊಂಡು ತಟ್ತಾರೆ. ಅದಕ್ಕೇ ಚದುರೋದು."

ಇದನ್ನು ಕೇಳಿಕೊಂಡು ಅವಳು ಮನೆಮನೆಗೂ ಬಂದಳು. ನಾಳೆ ಬೆಳಗ್ಗೆ ನಾನು ಕೈ ಎತ್ತುತ್ತೇನೆ, ಇಳಿಸಿದಾಗ ಎಲ್ಲರೂ ತಟ್ಟಿಬಿಡಿ, ಒಂದೇ ಒಂದು ಸಲ ಎಂದು ಬೇಡಿಕೊಂಡಳು. ಆಗಲಿ ಎಂದೆವು. ಖಂಡಿತ ಎಂದೆವು. ನಾನು ಅವಳಿಗೆ ಕುಡಿಯಲು ನೀರು ಕೊಟ್ಟು, ನಿನ್ನ ಮಗಳು ನಮ್ಮ ಮಗಳಲ್ಲವೇ ಎಂದೂ ಹೇಳಿದೆ. ಇಂಥ ಮಾತುಗಳು ನನಗೆ ಬೇಗ ಬರುತ್ತವೆ.

ಮರುದಿನ ಚಾವಡಿ ತುಂಬಿತ್ತು. ಏಳನೆಯ ಭಾಗ, ಕೀಬೋರ್ಡಿನವನು ಏಣಿಯ ಮೇಲಿದ್ದ. ಹುಡುಗಿ ತಾಯಿಯ ಪಕ್ಕದಲ್ಲಿ ಕೂತು ನಾಲಿಗೆಯಿಂದ ಹಲ್ಲನ್ನು ತಳ್ಳುತ್ತಿದ್ದಳು. ಹನ್ನೊಂದರ ಎಣಿಕೆಗೆ ಸರಿಯಾಗಿ ತಳ್ಳುತ್ತಿದ್ದಳು. ತೊಟ್ಟಿಲಿನಿಂದ ಅದೊಂದೇ ಹಾಡು ಕೇಳಿದವಳು, ಊರಿನಲ್ಲಿ ಆ ತಾಳ ನಿಜವಾಗಿ ಬರುತ್ತಿದ್ದದ್ದು ಅವಳೊಬ್ಬಳಿಗೇ.

ತಾಯಿ ಎದ್ದು ನಿಂತು ಕೈ ಎತ್ತಿದಳು. ನಾರು ಕೊಯ್ದು ಬಿರಿದ ಕೈ. ನಾವೂ ಕೈ ಎತ್ತಿದೆವು. ಆಗ ತಿಳಿದವನು ಕಣ್ಣು ತೆರೆದು ಹಿಂದೆ ತಿರುಗಿದ. ಒಂದು ಹುಬ್ಬು ಮೇಲೇರಿಸಿದ, ಅಷ್ಟೇ.

ಅವಳ ಕೈ ಇಳಿಯಿತು. ನನ್ನ ಎರಡು ಅಂಗೈಗಳ ನಡುವೆ ಒಂದು ಬೆರಳು ತೂರುವಷ್ಟು ಜಾಗವಿತ್ತು. ಆ ಜಾಗವನ್ನು ಮುಚ್ಚಲು ನನ್ನಿಂದ ಆಗಲಿಲ್ಲ. ಪಕ್ಕದವನಿಂದಲೂ ಆಗಲಿಲ್ಲ. ಊರಿಗೆ ಊರೇ ದೇವರಿಗೆ ಕೈಮುಗಿಯಲು ಹೊರಟು ಮರೆತವರ ಹಾಗೆ ಕೂತಿತ್ತು. ಹಿಂದಿನ ಸಾಲಿನಿಂದ ಒಂದು ಚಪ್ಪಾಳೆ ಕೇಳಿಸಿತು, ಒಂಟಿಯಾಗಿ. ಚಪ್ಪಾಳೆ ಅಜ್ಜಿಯದು.

ಒಂಟಿ ಚಪ್ಪಾಳೆ ಎಂದರೆ ಚದುರಿದ ಚಪ್ಪಾಳೆಯೇ. ಕಟ್ಟಳೆಯಂತೆ ಹಾಡು ಮತ್ತೆ ಗಾಳಿಯ ಸದ್ದಿನಿಂದ ಶುರುವಾಯಿತು. ತಾಯಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ ಕೂತಳು. ನನ್ನ ಸರದಿ ಬಂದಾಗ ನಾನು ಕಣ್ಣು ಮುಚ್ಚಿ ತಲೆದೂಗುತ್ತಿದ್ದೆ.

ಇಳಿಹೊತ್ತಿಗೆ ಚಾವಡಿಯ ಮುಂದೆ ಗಾಡಿಯೊಂದು ಬಂದು ನಿಂತಿತು. ದೊಡ್ಡ ಪಟ್ಟಣದಿಂದ ಕರೆ, ಅಲ್ಲಿನ ಚಾವಡಿ ನಮ್ಮದಕ್ಕಿಂತ ಹತ್ತು ಪಟ್ಟಂತೆ, ಕೂಡಲೇ ಹೊರಡಬೇಕಂತೆ. ಗಾಡಿಯವನು ಬಾಗಿಲಲ್ಲಿ ನಿಂತು ಕೈಬೀಸಿದ. ಕೀಬೋರ್ಡಿನವನು ಒಂದು ಕೈಯಲ್ಲಿ ನುಡಿಸುತ್ತಾ ಇನ್ನೊಂದು ಕೈಯಲ್ಲಿ ನಿಲುವಂಗಿ ಮಡಚಿದ. ಗಿಟಾರಿನವನು ಪೆಟ್ಟಿಗೆಯ ಮುಚ್ಚಳ ತೆರೆದ. ಹಾಡುವವನು ಗಾಳಿಯ ಸದ್ದಿಗೆ ಈ ಸಲ ಹೊಸದಾಗಿ ಸೇರಿಸಿದ ಒಂದು ಪದದ ಮೊದಲರ್ಧ ಹಾಡಿ, ಉಳಿದರ್ಧವನ್ನು ಬಾಯಲ್ಲೇ ಇಟ್ಟುಕೊಂಡು ಗಾಡಿಯ ಕಡೆ ನೋಡಿದ. ಎಲ್ಲ ನಿಂತಿತು.

ನಾವು ಮುಂದಿನ ಸಾಲಿನ ಕಡೆ ನೋಡಿದೆವು. ತಿಳಿದವನು ನಿಧಾನವಾಗಿ ಎದ್ದ. ಅವನ ಕಣ್ಣಲ್ಲಿ ನೀರಿತ್ತು.

"ಇದೇ," ಎಂದ. "ಪದವನ್ನ ಅರ್ಧದಲ್ಲಿ ಬಿಡೋದು. ಇಂಥ ಮುಕ್ತಾಯ ಮಾಡೋ ಧೈರ್ಯ ಇದುವರೆಗೆ ಯಾರಿಗಿತ್ತು?"

ಅವನು ಕೈ ಎತ್ತಿ ಇಳಿಸಿದ. ನಾವು ತಟ್ಟಿದೆವು. ಒಂದೇ ಸದ್ದು, ಗೋಡೆಯ ಗಾರೆ ಉದುರುವಷ್ಟು ಗಟ್ಟಿ. ಅಷ್ಟು ಒಳ್ಳೆಯ ಚಪ್ಪಾಳೆ ನಮ್ಮ ಊರು ಯಾವತ್ತೂ ತಟ್ಟಿರಲಿಲ್ಲ. ನಮ್ಮ ಕೈಗೆ ಹಾಗೆ ತಟ್ಟುವುದು ಗೊತ್ತಿತ್ತು, ಬೆಳಗ್ಗೆಯೂ ಗೊತ್ತಿತ್ತು.

ಹಾಡು ಮುಗಿಯಿತು. ತಾಯಿ ಮಗಳ ಕಡೆ ತಿರುಗಿದಳು. ಏಳು ವರ್ಷ ನಾರಿನಲ್ಲಿ ಸುತ್ತಿಟ್ಟಿದ್ದ ಹೆಸರನ್ನು ತುಟಿಗೆ ತಂದಳು.

"ಹೊನ್ನಿ," ಎಂದಳು.

ಹುಡುಗಿ ಹಿಂದಕ್ಕೆ ತಿರುಗಿ ನೋಡಿದಳು. ಹಿಂದೆ ಚಾವಡಿಯ ಕಂಬವಿತ್ತು, ಬೇರೆ ಯಾರೂ ಇರಲಿಲ್ಲ.

"ಹೊನ್ನಿ, ಬಾ ಇಲ್ಲಿ."

"ಯಾರಮ್ಮ ಅದು?" ಎಂದಳು ಹುಡುಗಿ. ಮಾತಾಡುವಾಗ ಮುಂದಿನ ಹಲ್ಲಿನ ಜಾಗ ಖಾಲಿ ಕಂಡಿತು. ಬಿಗಿಹಿಡಿದಿದ್ದ ಮುಷ್ಟಿಯನ್ನು ತಾಯಿಯ ಮುಂದೆ ಬಿಚ್ಚಿದಳು. "ಇದು ಬಿತ್ತು. ಆಗ್ಲೇ, ಅವರು ಮತ್ತೆ ಗಾಳಿ ಶುರು ಮಾಡಿದ್ರಲ್ಲ, ಆವಾಗ."

ಹೊರಗೆ ಡ್ರಮ್ಮುಗಳನ್ನು ಗಾಡಿಗೆ ಏರಿಸುತ್ತಿದ್ದರು. ಅದಕ್ಕೆ ಊರವರೇ ಕೈಜೋಡಿಸಿದರು, ನಾನೂ ಒಂದನ್ನು ಹೊತ್ತೆ. ಎಂಥ ಮುಕ್ತಾಯ, ಎಂಥ ಮುಕ್ತಾಯ ಎಂದು ಮಾತಾಡಿಕೊಳ್ಳುತ್ತಾ ಮನೆಗೆ ಹೋದೆವು.

ಆ ಐವರ ಕಥೆ ಆಮೇಲೆ ಎಲ್ಲರಿಗೂ ಗೊತ್ತಿರುವುದೇ. ದೊಡ್ಡ ಪಟ್ಟಣದಲ್ಲಿ ಎರಡು ಪಾಲಾದರು, ಎರಡು ಪಾಲೂ ಒಂದೇ ಹೆಸರು ಇಟ್ಟುಕೊಂಡು ಇದಿರುಬದಿರು ನುಡಿಸಿದವು. ಜನ ಹೊಳೆಯಾಚೆಯ ಅಗಸಗಿತ್ತಿಯರ ಕಡೆ ಹೋದರು. ಐವರೂ ಮುದುಕರಾದ ಮೇಲೆ ಮತ್ತೆ ಒಂದಾಗಿ, ಇದೇ ಕೊನೆಯ ಸಲ ಎಂದು ಹೇಳಿ ನಮ್ಮ ಊರಿಗೆ ಮೂರು ಸಲ ಬಂದುಹೋದರು. ಜನ ಚಪ್ಪಲಿಯ ಹಾಡು ಹಾಡಿ ಎಂದು ಕೇಳಿದರು. ಅದು ಐವರಿಗೂ ಮರೆತುಹೋಗಿತ್ತು.

ಹೆಸರು ಆ ಹುಡುಗಿಗೆ ಹತ್ತಲೇ ಇಲ್ಲ. ತಾಯಿ ಇರುವಷ್ಟು ದಿನ ದಿನಕ್ಕೊಮ್ಮೆ ಕರೆದು ನೋಡಿದಳು. ಪ್ರತಿ ಸಲವೂ ಮಗಳು ಪಕ್ಕಕ್ಕೆ ಸರಿದು, ಬರುವ ಯಾರಿಗೋ ದಾರಿ ಬಿಡುತ್ತಿದ್ದಳು. ಈಗ ಅವಳೇ ಆ ಕೊಟ್ಟಿಗೆಯಲ್ಲಿ ಹಗ್ಗ ಹೊಸೆಯುತ್ತಾಳೆ, ಹನ್ನೊಂದು ಸುತ್ತಿಗೊಂದು ಗಂಟು ಹಾಕಿ. ಹಗ್ಗ ಬೇಕಾದವರು ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಬೇಕು.

ಮೊನ್ನೆ ನನ್ನ ಬಾವಿಯ ಹಗ್ಗ ಹರಿಯಿತು. ಹೋಗಿ ಬಾಗಿಲಲ್ಲಿ ನಿಂತು ತಟ್ಟಿದೆ. ಒಂದೇ ಚಪ್ಪಾಳೆಗೆ ತಿರುಗಿ ನೋಡಿದಳು.